ಗಿಟಾರಿನೊಳಗಿನ ಲಾರಿ ಸ್ಪ್ರಿಂಗು

ಎಲೆಕ್ಟ್ರಿಕ್ ಗಿಟಾರಿನ ಬೆನ್ನಿನಲ್ಲಿ ಒಂದು ಪುಟ್ಟ ಗೂಡು ಇರುತ್ತದೆ. ಎಲ್ಲ ಗಿಟಾರುಗಳಲ್ಲೂ ಅಲ್ಲ. ತಂತಿಗಳನ್ನು ಹಿಡಿದಿರುವ ಲೋಹದ ಸೇತುವೆಗೆ ಒಂದು ಹಿಡಿಕೆಯಿದ್ದು, ಅದನ್ನು ಒತ್ತಿದಾಗ ಸ್ವರ ಬಾಗುವ ಮಾದರಿಯಲ್ಲಿ ಮಾತ್ರ. ಮುಂದೆ ಆರು ತಂತಿಗಳು ಆ ಸೇತುವೆಯನ್ನು ಒಂದು ಕಡೆಗೆ ಎಳೆಯುತ್ತವೆ. ಹಿಂದೆ, ಪ್ಲಾಸ್ಟಿಕ್ ಮುಚ್ಚಳದ ಕೆಳಗಿನ ಗೂಡಿನಲ್ಲಿ, ಮೂರೋ ಐದೋ ಸ್ಪ್ರಿಂಗುಗಳು ಅದನ್ನು ಇನ್ನೊಂದು ಕಡೆಗೆ ಎಳೆದು ಹಿಡಿದಿರುತ್ತವೆ. ಎರಡೂ ಎಳೆತಗಳು ಸಮವಾದಾಗ ಗಿಟಾರು ಶ್ರುತಿಯಲ್ಲಿ ನಿಲ್ಲುತ್ತದೆ. ಆ ಸ್ಪ್ರಿಂಗುಗಳನ್ನು ಬದಲಾಯಿಸಿದರೆ ಗಿಟಾರಿನ ದನಿ ಬದಲಾಗುತ್ತದೆಯೇ ಎಂದು ನನ್ನನ್ನು ಒಮ್ಮೆ ನಾಲ್ಕು ಜನರ ಎದುರು ಕೇಳಲಾಯಿತು. ಇಲ್ಲ ಎಂದು ನಾನು ಉತ್ತರಿಸಿದೆ. ಆ ಉತ್ತರ ತಪ್ಪೆಂಬುದು ಉತ್ತರಿಸುವಾಗಲೇ ನನಗೆ ತಿಳಿದಿತ್ತು.

ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಭೌತಶಾಸ್ತ್ರದಲ್ಲಿ ಬಿ.ಎಸ್ಸಿ. ಅಪ್ಪ ನಾನು ಹುಟ್ಟುವ ಮೊದಲೇ ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದವರು. ಉಸಗಾಂವದ ಒಂದು ಗ್ಯಾರೇಜಿನಲ್ಲಿ ಲಾರಿಗಳ ಕಮಾನುಪಟ್ಟಿಗಳನ್ನು ಕೂರಿಸುತ್ತಾರೆ. ಚಕ್ರದ ಮೇಲೆ ಒಂದರ ಮೇಲೊಂದಾಗಿ ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳವು. ಹೊರೆಯನ್ನೆಲ್ಲ ಹೊರುವುದು ಅವುಗಳೇ. ಅದಿರಿನ ಲಾರಿಗಳು ಓಡುತ್ತಿದ್ದಾಗ ಅಪ್ಪನಿಗೆ ಕೈತುಂಬ ಕೆಲಸವಿತ್ತು. ಗಣಿಗಳು ನಿಂತ ವರ್ಷಗಳಲ್ಲಿ ಮರಳಿನ ಲಾರಿ, ನೀರಿನ ಟ್ಯಾಂಕರು, ಏನು ಬಂದರೆ ಅದು. ಅವರು ಪ್ರತಿಯೊಂದು ಪಟ್ಟಿಯನ್ನೂ ಸುತ್ತಿಗೆಯಿಂದ ತಟ್ಟಿ, ಅದರ ಮೇಲೆ ಬೆರಳಿಟ್ಟು ನೋಡುತ್ತಾರೆ. ಬಿರುಕಿಲ್ಲದ ಪಟ್ಟಿ ಹೊಡೆತ ನಿಂತ ಮೇಲೂ ಬೆರಳಿನಡಿ ನಡುಗುತ್ತಿರುತ್ತದೆ. ಸುತ್ತಿಗೆಯ ಸದ್ದಿಗೆ ಅವರ ಎಡಗಿವಿ ಎಂದೋ ಮಂದವಾಗಿದೆ. ಆದ್ದರಿಂದ ಅವರಿಗೆ ಬೆರಳೇ ಕಿವಿ.

ನಾನು ಪರ್ವರಿಯ ಒಂದು ವಾದ್ಯಗಳ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದು ಬಿಲ್ಲು ಬರೆಯುವುದಕ್ಕೆ. ಕಾಲೇಜಿನಲ್ಲಿ ಗೆಳತಿಯರಿಂದ ಗಿಟಾರು ಕಲಿತಿದ್ದೆ. ಯಾರೋ ಮಾರಿದ ಹಳೆಯದೊಂದನ್ನು ಕೊಂಡುಕೊಂಡಿದ್ದೆ. ಅಂಗಡಿಯ ರಿಪೇರಿಗಾರರು ಕೆಲಸ ಬಿಟ್ಟು ಹೋದಾಗ, ಅವರ ಪಕ್ಕದಲ್ಲಿ ನಿಂತು ನೋಡಿದ್ದ ನಾನು ಆ ಮೇಜಿಗೆ ಬಂದೆ. ಸ್ಕ್ರೂಡ್ರೈವರ್, ಇಕ್ಕಳ, ಪಾನಾ ನನ್ನ ಕೈಗೆ ಹೊಸವಾಗಿರಲಿಲ್ಲ. ಅವುಗಳ ನಡುವೆಯೇ ನಾನು ಅಂಬೆಗಾಲಿಟ್ಟಿದ್ದೆ. ಆದರೆ ಅಂಗಡಿಯ ಒಡತಿ, ನಾವು ಮೇಡಂ ಎನ್ನುತ್ತಿದ್ದವರು, ಇಷ್ಟು ಚೆನ್ನಾಗಿ ಹೇಗೆ ಕಲಿತೆ ಎಂದು ಕೇಳಿದಾಗ, ಭೌತಶಾಸ್ತ್ರ ಓದಿದ್ದರಿಂದ ಎಂದೆ. ತಂದೆ ಏನು ಮಾಡುತ್ತಾರೆ ಎಂದಾಗ, ಆಟೊಮೊಬೈಲ್ ಕ್ಷೇತ್ರದಲ್ಲಿದ್ದಾರೆ ಎಂದೆ. ಎರಡೂ ಸುಳ್ಳಲ್ಲ. ಸುಳ್ಳಲ್ಲದ ಮಾತನ್ನು ಆರಿಸಿ ಆಡುವ ಅಭ್ಯಾಸ ನನಗೆ ಆಗಲೇ ಆಗಿತ್ತು.

ಆ ಸ್ಪ್ರಿಂಗುಗಳ ಗಿಟಾರಿನವರು ಬಂದದ್ದು ಒಂದು ಮಧ್ಯಾಹ್ನ. ಅರವತ್ತರ ಆಸುಪಾಸಿನವರು, ಗಡ್ಡಕ್ಕೆ ಮದರಂಗಿ, ಖಾಕಿ ಅಂಗಿ. ಹೆಗಲಿನಲ್ಲಿದ್ದ ಗಿಟಾರಿಗೆ ಹಳೆಯ ಸೀರೆಯ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯ ಚೀಲ. ಮೇಡಂ ಅದನ್ನು ನೋಡಿ ನಕ್ಕಂತೆ ನನಗೆ ಕಂಡಿತು. ನಿಜವಾಗಿ ನಕ್ಕರೋ ಇಲ್ಲವೋ ಇಂದಿಗೂ ತಿಳಿಯದು.

"ಇಲ್ಲಿ ನಮ್ಮ ಕಡೀ ಹುಡುಗಿ ಅದಾಳಂತಲ್ರಿ, ಗಿಟಾರ ರಿಪೇರಿ ಮಾಡಾಕಿ?" ಎಂದು ಅವರು ಯಾರನ್ನೆಂದಿಲ್ಲದೆ ಕೇಳಿದರು.

ನಾನು ಹಿಂದಿಯಲ್ಲಿ, ಹೇಳಿ, ಏನಾಗಬೇಕಿತ್ತು ಎಂದೆ.

"ನೀನ ಏನವ್ವಾ ಆಕಿ?" ಅವರ ಮುಖ ಅರಳಿತು. "ಸಾಂಖಳಿಯಿಂದ ನಿನ್ನ ಸಲುವಾಗಿ ಬಂದೇನಿ ನೋಡು. ಡಿಗ್ರಿ ಮಾಡ್ಯಾಳಂತ, ನಮ್ಮ ಮಂದಿ ಅಂತ. ಅಲ್ಲೇ ಹತ್ರದಾಗ ಒಬ್ಬಾಂವ ಇದ್ದ, ಆಂವಗ ತಂತಿ ಹಾಕಾಕ ಬರ್ತೈತಿ, ತೆಗ್ಯಾಕ ಬರೂದಿಲ್ಲ."

ಅವರು ನೀರಿನ ಟ್ಯಾಂಕರ್ ಓಡಿಸುತ್ತಿದ್ದರು. ಭಾನುವಾರಗಳಂದು, ಮದುವೆಯ ದಿನಗಳಂದು, ನಮ್ಮ ಕಡೆಯ ಕೂಲಿಗಳ ಕಾಲೊನಿಗಳಲ್ಲಿ ನಡೆಯುವ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದರು. ನಮ್ಮ ಕಡೆ ಹಿಂದೂಗಳು ಮುಸ್ಲಿಂ ಹಿರಿಯರನ್ನು ಕರೆಯುವಂತೆ ಅವರನ್ನು ನಾನು ಮಾಮಾ ಎನ್ನಬೇಕಿತ್ತು. ಅಂದು ಏನೂ ಎನ್ನಲಿಲ್ಲ.

ತೊಂದರೆ ಸರಳವಾಗಿತ್ತು. ಹಿಡಿಕೆ ಒತ್ತಿ ಬಿಟ್ಟ ಮೇಲೆ ತಂತಿಗಳು ಮೊದಲಿನ ಶ್ರುತಿಗೆ ಮರಳುತ್ತಿರಲಿಲ್ಲ. ಅದನ್ನು ತೋರಿಸಿದ ಮೇಲೆ ಅವರು, "ಇನ್ನೊಂದ ಕೇಳು," ಎಂದು ನಾಲ್ಕು ಸ್ವರಗಳನ್ನು ನಿಧಾನವಾಗಿ ಮೀಟಿ, ಅಂಗೈಯಿಂದ ತಂತಿಗಳನ್ನು ಮುಚ್ಚಿದರು. ತಂತಿಗಳು ನಿಂತವು, ದನಿ ನಿಲ್ಲಲಿಲ್ಲ. ಗಿಟಾರಿನ ಬೆನ್ನಿನೊಳಗಿನಿಂದ, ಖಾಲಿ ಟ್ಯಾಂಕರಿನ ಒಳಗೆ ಯಾರೋ ಕೂಗಿ ಹೋದಂತೆ, ತೆಳ್ಳಗಿನ ಒಂದು ಗುಂಗು ಉಳಿದು, ನಡುಗಿ, ಇಳಿದು ಹೋಯಿತು.

"ಹೆಣ್ಣು ಒಪ್ಪಿಸಿ ಕೊಡೂ ಹೊತ್ತಿನ್ಯಾಗ ನಾ ಈ ನಾಕ ಸ್ವರ ಬಾರಿಸಿ ಕೈ ಇಟ್ಟಬಿಡ್ತೀನಿ. ಮುಂದ ಇದ ಅಳ್ತೈತಿ. ನಾ ಅಳೂದ ಬ್ಯಾಡ, ಹುಡುಗಿ ಅವ್ವ ಅಳೂದ ಬ್ಯಾಡ." ಅವರು ನಕ್ಕರು. ನಂತರ ತುಸು ತಗ್ಗಿದ ದನಿಯಲ್ಲಿ, "ಹುಡುಗೂರು ಕೀಬೋರ್ಡ್ ತರತೀವಿ ಅನ್ನಾಕತ್ತಾರ. ನನ್ನ ಕಡೆ ಉಳದದ್ದು ಇದೊಂದ ದನಿ. ಇದನ್ನ ಹಂಗ ಬಿಡು ಯವ್ವಾ. ಬಾಕಿ ಏನರ ಮಾಡು," ಎಂದರು.

ಆಗಲಿ ಎಂದು ತಲೆಯಾಡಿಸಿದೆ.

ಅವರು ಹೋದ ಮೇಲೆ ಗಿಟಾರನ್ನು ಬೋರಲಾಗಿಸಿ ಮುಚ್ಚಳ ಬಿಚ್ಚಿದೆ. ಮೂರು ಸ್ಪ್ರಿಂಗುಗಳಿದ್ದವು. ಅಂಚಿನ ಎರಡು ಗಿಟಾರಿನವೇ, ಜಂಗು ಹಿಡಿದು ಸಡಿಲವಾಗಿದ್ದವು. ನಡುವಿನದು ಬೇರೆ. ಸುರುಳಿಗಳು ಹೆಚ್ಚು ನಿಬಿಡ, ತಂತಿ ತೆಳು, ಎರಡೂ ತುದಿಯ ಕೊಕ್ಕೆಗಳನ್ನು ಯಾರೋ ಕಾಯಿಸಿ ಬಾಗಿಸಿದ ನೀಲಿ ಕಲೆ. ಅದೇನೆಂದು ಗುರುತಿಸಲು ನನಗೆ ಕ್ಷಣವೂ ಬೇಕಾಗಲಿಲ್ಲ. ಲಾರಿಯ ಎಕ್ಸಲೇಟರನ್ನು ತುಳಿದು ಕಾಲು ತೆಗೆದಾಗ ಅದನ್ನು ಮೇಲಕ್ಕೆ ಎಳೆಯುವ ಸ್ಪ್ರಿಂಗು. ಚಿಕ್ಕಂದಿನಲ್ಲಿ ಗ್ಯಾರೇಜಿನ ನೆಲದಿಂದ ಅಂಥವನ್ನು ಆರಿಸಿ ನಾನು ಬಳೆ ಮಾಡಿಕೊಂಡಿದ್ದೆ. ಗಿಟಾರಿನ ಸ್ಪ್ರಿಂಗು ಮುರಿದ ಯಾವುದೋ ಕಾಲದಲ್ಲಿ ಅವರು ತಮ್ಮ ಗಾಡಿಯ ಡಬ್ಬಿಯಲ್ಲಿ ಇದ್ದದ್ದನ್ನು ಸಿಕ್ಕಿಸಿರಬೇಕು.

ಅಷ್ಟರಲ್ಲಿ ಮೇಡಂ ಯಾರೋ ಗಿರಾಕಿಗಳಿಗೆ ಅಂಗಡಿ ತೋರಿಸುತ್ತ ನನ್ನ ಮೇಜಿನ ಕಡೆ ಬರತೊಡಗಿದರು. ಆ ಹೊತ್ತಿನಲ್ಲಿ ನನಗಾದದ್ದನ್ನು ನಿಖರವಾಗಿ ಹೇಳಲು ಪ್ರಯತ್ನಿಸುತ್ತೇನೆ. ಗಿಟಾರಿನೊಳಗೆ ಲಾರಿಯ ಸಾಮಾನು ಇರುವುದನ್ನು ಅವರು ನೋಡಿ ನಗುತ್ತಾರೆ ಎನಿಸಿತು. ನಕ್ಕರೆ ಆ ನಗು ನಮ್ಮ ಕಡೆಯ ಒಬ್ಬ ಮನುಷ್ಯನ ಮೇಲೆ ಬಿದ್ದು, ಅಲ್ಲಿಂದ ಜಾರಿ, ನನ್ನ ಮೇಲೂ ಬೀಳುತ್ತದೆ ಎನಿಸಿತು. ಇದು ಲಾರಿಯದು ಎಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದರೆ ಹೇಳಲು ನನ್ನಲ್ಲಿ ಭೌತಶಾಸ್ತ್ರದ ಉತ್ತರವಿರಲಿಲ್ಲ. ಮೂರನ್ನೂ ಕಿತ್ತು ಏಪ್ರನ್ನಿನ ಜೇಬಿಗೆ ಹಾಕಿಕೊಂಡೆ.

ಬಳಿಕ ಹೊಸ ಸ್ಪ್ರಿಂಗುಗಳನ್ನು ಹಾಕಿದೆ. ಒಳ್ಳೆಯವನ್ನೇ ಹಾಕಿದೆ, ಗುಂಗು ಬಾರದಂತೆ ರಬ್ಬರಿನ ಕವಚವಿರುವ ಮೂರು ಬಿಗಿಯಾದ ಸ್ಪ್ರಿಂಗುಗಳು. ಹಿಂಬದಿಯ ಸ್ಕ್ರೂಗಳನ್ನು ಎಳೆತಕ್ಕೆ ತಕ್ಕಂತೆ ತಿರುಗಿಸಿ ಸಮಮಾಡಿದೆ. ಹಿಡಿಕೆಯನ್ನು ಇಪ್ಪತ್ತು ಬಾರಿ ಒತ್ತಿದರೂ ಶ್ರುತಿ ಕೂದಲೆಳೆಯಷ್ಟೂ ಸರಿಯಲಿಲ್ಲ. ಆಮೇಲೆ ಅವರಂತೆಯೇ ನಾಲ್ಕು ಸ್ವರ ಮೀಟಿ ಅಂಗೈ ಇಟ್ಟೆ. ಬಾಗಿಲು ಹಾಕಿದಂತೆ ದನಿ ನಿಂತುಹೋಯಿತು. ಅವರು ಉಳಿಸು ಎಂದು ಕೇಳಿದ್ದ ಒಂದೇ ಒಂದು ವಸ್ತು ಹೋಗಿತ್ತು. ಇದು ಸ್ವಚ್ಛವಾದ ದನಿ, ಸರಿಯಾದ ದನಿ ಎಂದು ನನಗೆ ನಾನೇ ಹೇಳಿಕೊಂಡು ಮುಚ್ಚಳ ಬಿಗಿದೆ.

ಎರಡು ದಿನಗಳ ನಂತರ ಅವರು ಅವಸರದಲ್ಲಿ ಬಂದರು. ಟ್ಯಾಂಕರ್ ರಸ್ತೆಯಲ್ಲೇ ನಿಂತಿತ್ತು. ಹಿಂದಿನ ವಾಹನಗಳು ಹಾರ್ನ್ ಒತ್ತುತ್ತಿದ್ದವು. ನುಡಿಸಿ ನೋಡದೆ ಕೌದಿಯ ಚೀಲಕ್ಕೆ ಹಾಕಿಕೊಂಡು, "ನಿನ್ನ ಕೈ ಮ್ಯಾಲೆ ನನಗ ನಂಬಿಕಿ ಐತಿ," ಎಂದು ಓಡಿದರು. ಹಳೆಯ ಸ್ಪ್ರಿಂಗುಗಳು ಆಗ ನನ್ನ ಜೇಬಿನಲ್ಲೇ ಇದ್ದವು.

ಅಂದು ಸಂಜೆ ಮನೆಗೆ ಬಂದವಳು ಅವನ್ನು, ಅದೇ ಹಿಡಿಕೆಯ ಮಾದರಿಯದಾದ ನನ್ನ ಗಿಟಾರಿಗೆ ಹಾಕಿ ನೋಡಿದೆ. ಪರೀಕ್ಷೆಗೆಂದು. ಮೀಟಿ, ಅಂಗೈ ಇಟ್ಟು, ಉಸಿರು ಹಿಡಿದು ಕೇಳಿದೆ. ಆ ಗುಂಗು ನನ್ನ ಅಗ್ಗದ ಗಿಟಾರಿನಿಂದ ಎದ್ದು ಬಂತು. ಸ್ಪ್ರಿಂಗುಗಳೂ ತಂತಿಗಳೇ, ತಂತಿ ನಡುಗಿದಾಗ ಸೇತುವೆಯ ಮೂಲಕ ಅವೂ ನಡುಗುತ್ತವೆ, ತಮ್ಮ ನಡುಕವನ್ನು ಮರದ ಮೂಲಕ ಮರಳಿ ತಂತಿಗಳಿಗೆ ಕಳಿಸುತ್ತವೆ. ಅನುರಣನದ ಈ ಪಾಠವನ್ನು ನಾನು ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದಿದ್ದೆ. ನಾಳೆ ಬಿಚ್ಚೋಣ ಎಂದುಕೊಂಡೆ. ಬಿಚ್ಚಲಿಲ್ಲ.

ಹತ್ತು ದಿನಗಳಾದ ಮೇಲೆ ಅವರು ಮತ್ತೆ ಬಂದರು. ಆಗ ಅಂಗಡಿಯಲ್ಲಿ ಮೇಡಂ ಇದ್ದರು. ಪಿಯಾನೊ ನೋಡಲು ಬಂದ ದಂಪತಿ ಇದ್ದರು.

"ಯವ್ವಾ, ಸ್ವರ ಭಾಳ ಚಲೋ ಕುಂತಾವು," ಎಂದು ಅವರು ಮೆಲ್ಲಗೆ ಶುರು ಮಾಡಿದರು. "ಆದ್ರ ಹಿಂದಿನ ಗುಂಗು ಹೋಗೈತಿ. ಮದಿವ್ಯಾಗ ಬಾರಿಸಿ ಕೈ ಇಟ್ಟೆ. ಏನೂ ಇಲ್ಲ. ಹುಡುಗೂರು ನನ್ನ ಮಾರಿ ನೋಡಿದ್ರು."

ಅವರೇನು ಹೇಳುತ್ತಿದ್ದಾರೆ ಎಂದು ಮೇಡಂ ಇಂಗ್ಲಿಷಿನಲ್ಲಿ ವಿಚಾರಿಸಿದರು. ಹೊಸ ಸ್ಪ್ರಿಂಗುಗಳಿಂದ ದನಿ ಬದಲಾಗಿದೆ ಎನ್ನುತ್ತಿದ್ದಾರೆ ಎಂದೆ. ಹಾಗಾಗುವುದು ಸಾಧ್ಯವೇ ಎಂದು ಅವರು ಕೇಳಿದರು. ಆರೋಪದ ಧಾಟಿ ಅದರಲ್ಲಿರಲಿಲ್ಲ. ತಿಳಿಯುವ ಕುತೂಹಲವಷ್ಟೇ ಇತ್ತು. ಪಿಯಾನೊ ನೋಡುತ್ತಿದ್ದ ದಂಪತಿಯೂ ಇತ್ತ ತಿರುಗಿದರು. ಸಾಧ್ಯ ಎಂದರೆ ಮುಂದಿನ ಪ್ರಶ್ನೆಗಳು ಬರುತ್ತಿದ್ದವು: ಹಳೆಯವು ಎಂಥವು, ಏಕೆ ಎಲ್ಲವನ್ನೂ ಬದಲಾಯಿಸಿದೆ, ಅವು ಈಗ ಎಲ್ಲಿವೆ. ನಾನು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ವಿವರಿಸಿದೆ. ಎಲೆಕ್ಟ್ರಿಕ್ ಗಿಟಾರಿನ ದನಿ ಹುಟ್ಟುವುದು ಅಯಸ್ಕಾಂತದ ಮೇಲೆ ತಂತಿ ಕಂಪಿಸುವುದರಿಂದ. ಸ್ಪ್ರಿಂಗುಗಳು ಬೆನ್ನಿನ ಗೂಡಿನಲ್ಲಿರುವುದರಿಂದ ದನಿಗೆ ಅವುಗಳ ಪಾಲಿಲ್ಲ. ಮೇಡಂ ಮೆಚ್ಚಿ ತಲೆಯಾಡಿಸಿದರು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಗಿಟಾರು ತಂದವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು. ಆ ಅಂಗಡಿಯಲ್ಲಿ ನಾನು ಮೊದಲ ಬಾರಿ ಕನ್ನಡ ಮಾತನಾಡಿದೆ. ಅದೂ ಪಠ್ಯಪುಸ್ತಕದ ಕನ್ನಡ.

"ಸ್ಪ್ರಿಂಗಿಗೂ ದನಿಗೂ ಸಂಬಂಧವಿಲ್ಲ, ಮಾಮಾ. ವಯಸ್ಸಾದ ಹಾಗೆ ಮನುಷ್ಯರ ಕಿವಿಗೆ ಸೂಕ್ಷ್ಮ ದನಿಗಳು ಕೇಳಿಸುವುದಿಲ್ಲ. ಇದು ವೈಜ್ಞಾನಿಕವಾಗಿ ಸಿದ್ಧವಾದ ಸಂಗತಿ."

ಅವರ ಬಲಗೈ ತಾನಾಗಿ ಕಿವಿಯ ಕಡೆ ಹೋಯಿತು. "ಹೌದೇನು?" ಎಂದರು. ಆಮೇಲೆ, "ಹಳೇ ಸ್ಪ್ರಿಂಗ್ ಅದಾವೇನವ್ವಾ?"

"ಎಸೆದೆ."

"ಇರ್ಲಿ ಬಿಡು." ಅವರು ನಗಲು ನೋಡಿದರು. "ನಮ್ಮ ಮನ್ಯಾಕಿ ಮದ್ಲಿಂದ ಹೇಳ್ಕೋತ ಬಂದಾಳ, ನಿಮಗ ಕಿವಿ ಇಲ್ಲಂತ. ಆಕಿ ಸಾಲಿ ಕಲತಾಕಿ ಅಲ್ಲ, ನಾ ನಂಬಲಿಲ್ಲ. ನೀ ಓದಿದಾಕಿ. ಖರೇನ ಇರಬೇಕು."

ಗಿಟಾರನ್ನು ಕೌದಿಯ ಚೀಲಕ್ಕೆ ಹಾಕುವಾಗ ಅದರ ಲಾಡಿ ಕಟ್ಟಲು ಅವರಿಗೆ ಬಹಳ ಹೊತ್ತು ಬೇಕಾಯಿತು. ಆ ಮೇಲೆ ಅವರು ಬರಲಿಲ್ಲ.

ನಾಲ್ಕು ತಿಂಗಳು ಹೀಗೆ ಕಳೆದವು. ಆ ಸ್ಪ್ರಿಂಗುಗಳಿದ್ದ ನನ್ನ ಗಿಟಾರನ್ನು ನಾನು ದಿನವೂ ನುಡಿಸಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಗುಂಗು ಎದ್ದಾಗಲೆಲ್ಲ ಕಿವಿ ಮುಟ್ಟಿಕೊಂಡ ಆ ಕೈ ನೆನಪಿಗೆ ಬರುತ್ತಿತ್ತು, ಆದರೂ ನುಡಿಸಿದೆ.

ಒಂದು ಭಾನುವಾರ ಬೆಳಿಗ್ಗೆ ಅಪ್ಪ ಗೋಡೆಗೆ ಒರಗಿ ಚಹಾ ಕುಡಿಯುತ್ತಿದ್ದರು. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬಾಡಿಗೆಯ ನಮ್ಮ ಒಂದೇ ಕೋಣೆಯಲ್ಲಿ ನಾನು ಗಿಟಾರು ಹಿಡಿದು ಕುಳಿತಿದ್ದೆ. ಅಪ್ಪ ಎಂದಿನಂತೆ ಕೈಚಾಚಿ ಗಿಟಾರಿನ ಬೆನ್ನಿಗೆ ಬೆರಳಿಟ್ಟರು. ನಾನೇನು ನುಡಿಸುತ್ತೇನೆಂದು ತಿಳಿಯಲು ಅವರು ಆಗಾಗ ಹಾಗೆ ಮಾಡುತ್ತಿದ್ದರು. ಅವರ ಬೆರಳಿದ್ದಾಗ ನಾನು ಅದುವರೆಗೆ ತಂತಿ ಮುಚ್ಚುತ್ತಿರಲಿಲ್ಲ; ಅಂದು ಮರೆತು ಮೀಟಿ ಅಂಗೈ ಇಟ್ಟೆ.

"ತಡಿ," ಎಂದರು ಅಪ್ಪ. "ಮ್ಯಾಲೆ ನಿಂತೈತಿ, ಒಳಗ ಇನ್ನೂ ನಡದೈತಲ್ಲ. ಮದ್ಲ ಹಿಂಗ ಇರಲಿಲ್ಲ. ಬಿಚ್ಚು ನೋಡೂಣು."

"ಏನೂ ಇಲ್ಲಪ್ಪಾ."

"ಏನೂ ಇಲ್ಲಂದ್ರ ಬಿಚ್ಚಾಕೇನಾಗ್ತೈತಿ?"

"ರವಿವಾರನೂ ಗ್ಯಾರೇಜ ಚಾಲೂ ಮಾಡಿದ್ರಿ ಏನು?" ಎಂದಳು ಅವ್ವ, ರೊಟ್ಟಿಯ ಮೇಲಿನಿಂದ ಕಣ್ಣೆತ್ತದೆ. "ಆ ಹಿಟ್ಟಿನ ಡಬ್ಬಿ ಮುಚ್ಚಳ ವಾರಾತು ಕುಂದ್ರವಲ್ದು, ಅದನ್ನೂ ನೋಡ್ರಿ."

ಮುಚ್ಚಳ ಬಿಚ್ಚಿದೆ. ಅಪ್ಪ ಬಗ್ಗಿ ನೋಡಿದರು. ನಡುವಿನ ಸ್ಪ್ರಿಂಗಿನ ಮೇಲೆ ಉಗುರು ಎಳೆದರು. ಅದು ಸಣ್ಣಗೆ ಝೇಂಕರಿಸಿತು.

"ಇದು ಗಾಡಿ ಎಕ್ಸಲೇಟರ್ ಸ್ಪ್ರಿಂಗ್. ನಿನ್ನ ಗಿಟಾರಿನ್ಯಾಗ ಹೆಂಗ ಬಂತು?"

ಹೇಳಿದೆ. ಮೊದಲು ಸ್ವಲ್ಪ, ಆಮೇಲೆ ಎಲ್ಲವನ್ನೂ. ಕಿವಿಯ ಮಾತನ್ನು ಹೇಳುವಾಗ ಅವರ ಬಲಗಿವಿಯ ಕಡೆ ಬಾಗಿ ಹೇಳಬೇಕಾಯಿತು, ಏಕೆಂದರೆ ನನ್ನ ದನಿ ಅಷ್ಟು ತಗ್ಗಿತ್ತು. ಅಪ್ಪ ಬಯ್ಯಲಿಲ್ಲ. ಚಹಾ ಮುಗಿಸಿ ಲೋಟವನ್ನು ಪಕ್ಕಕ್ಕಿಟ್ಟರು.

"ನಾ ಒಂದ ಪಟ್ಟಿ ಬದಲ ಮಾಡಿದ್ರ ಹಳೇದನ್ನ ಏನ ಮಾಡ್ತೀನಿ?"

ನನಗೆ ಗೊತ್ತಿತ್ತು. ಬಿಚ್ಚಿದ ಪಟ್ಟಿಯನ್ನು, ಅದು ಎರಡು ತುಂಡಾಗಿದ್ದರೂ, ಅವರು ತಂತಿಯಿಂದ ಕಟ್ಟಿ ಲಾರಿಯಲ್ಲೇ ಇಡುತ್ತಾರೆ. ಸಣ್ಣ ಸಾಮಾನಾದರೆ ಕಾಗದದಲ್ಲಿ ಸುತ್ತಿ ಡ್ರೈವರನ ಕೈಗೆ ಕೊಡುತ್ತಾರೆ. ಗ್ಯಾರೇಜಿನ ಕೆಲಸಗಾರರೆಲ್ಲ ಪಾಲಿಸುವ ರೂಢಿ ಅದು. ಹೊಸದು ಹಾಕಿದ್ದೇವೆ ಎಂಬುದಕ್ಕೆ ಸಾಕ್ಷಿ ಎಂದೇ ನಾನು ಅದುವರೆಗೆ ತಿಳಿದಿದ್ದೆ.

"ಸಾಕ್ಷಿ ಅಷ್ಟ ಅಲ್ಲವ್ವಾ," ಎಂದರು ಅಪ್ಪ. "ಹೊಸಾದು ಕೂಡಿ ಬರಲಿಲ್ಲಂದ್ರ ಆಂವಗ ತಿರಗಿ ಹೋಗಾಕ ದಾರಿ ಬೇಕಲ್ಲ. ನೀ ದಾರೀನ ಕಿಸೇದಾಗ ಹಾಕ್ಕೊಂಡ ಬಂದಿ."

ಅವರು ಎದ್ದು ಅಂಗಿ ಹಾಕಿಕೊಂಡರು. ಎಲ್ಲಿಗೆ ಎಂದು ಅವ್ವ ಕೇಳಿದಳು. ಸಾಂಖಳಿಗೆ ಎಂದರು. ನಾನು ಸ್ಪ್ರಿಂಗುಗಳನ್ನು ಬಿಚ್ಚಿ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿದೆ. ರಿಪೇರಿ ಚೀಟಿಯಲ್ಲಿದ್ದ ಅವರ ಫೋನ್ ಸಂಖ್ಯೆ ನನ್ನ ಮೊಬೈಲಿನಲ್ಲಿತ್ತು. ಕೆಲಸ ಮುಗಿದಿದೆ, ಬನ್ನಿ ಎಂದು ಅದಕ್ಕೇ ಕರೆ ಮಾಡಿದ್ದೆ; ಈಗ ಅದಕ್ಕೇ ಕರೆ ಮಾಡಿ ಮನೆಯ ಗುರುತು ಕೇಳಿಕೊಂಡೆ.

ಸ್ಕೂಟರಿನ ಹಿಂದೆ ಕುಳಿತು ದಾರಿಯುದ್ದಕ್ಕೂ ನಾನು ಒಂದು ವಾಕ್ಯವನ್ನು ಸಿದ್ಧಪಡಿಸಿಕೊಂಡೆ: ಅಂಗಡಿಯ ಡ್ರಾಯರಿನಲ್ಲಿ ಹುಡುಕಿದಾಗ ಇವು ಸಿಕ್ಕವು. ವ್ಯಾಕರಣದಲ್ಲಿ ದೋಷವಿರಲಿಲ್ಲ. ಯಾರಿಗೂ ನೋವಾಗದು, ಸ್ಪ್ರಿಂಗುಗಳೂ ಮರಳುತ್ತವೆ. ಇಷ್ಟಾದರೂ ನನಗೆ ತಪ್ಪಿಸಿಕೊಳ್ಳಲು ಇನ್ನೂ ಒಂದು ಬಾಗಿಲು ಬೇಕಿತ್ತು.

ಅವರ ಮನೆ ಸಾಂಖಳಿಯ ಪೇಟೆ ದಾಟಿದ ಮೇಲೆ, ಟ್ಯಾಂಕರ್ ನಿಲ್ಲಿಸುವ ಬಯಲಿನ ಪಕ್ಕದ ಎರಡು ಕೋಣೆಗಳು. ಅವರು ಎದ್ದು ಬಂದು ಅಪ್ಪನ ಕೈ ಹಿಡಿದರು. ಇಬ್ಬರೂ ಊರು ಕೇಳಿಕೊಂಡರು, ತಾಲೂಕು ಕೇಳಿಕೊಂಡರು. ಎರಡು ನಿಮಿಷದಲ್ಲಿ ಒಂದೇ ಸಂತೆಗೆ ಹೋದವರಾದರು. ಗಿಟಾರು ಕಪಾಟಿನ ನೆತ್ತಿಯ ಮೇಲಿತ್ತು, ಕೌದಿಯ ಚೀಲದಲ್ಲಿ. ಚೀಲದ ಮೇಲೆ ಹಪ್ಪಳದ ಡಬ್ಬಿ ಇಟ್ಟಿದ್ದರು.

"ಬಾರಸೂದ ಬಿಟ್ಟೇನಿ," ಎಂದರು ಅವರು, ಅಪ್ಪನಿಗೆ. "ನಿಮ್ಮ ಮಗಳು ಹೇಳಿದ್ಲು, ಕಿವೀಗೆ ವಯಸ್ಸಾಗೈತಿ ಅಂತ. ಹೋಗಿ ತೋರಿಸಿದೆ. ಡಾಕ್ಟರು ಗುಗ್ಗಿ ತಗದು, ಏನೂ ಆಗಿಲ್ಲ ಹೋಗಂದ್ರು. ಆದ್ರ ಕೇಳಸವಲ್ದಲ್ಲ! ಡಾಕ್ಟರಿಗೆ ಗಿಟಾರ ಏನ ಗೊತ್ತು?"

"ನಾ ಕರದ್ರ ಅಂತೂ ಮದ್ಲಿಂದ ಕೇಳಸ್ತಿದ್ದಿಲ್ಲ," ಎಂದು ಒಳಗಿನಿಂದ ನೀರು ತಂದ ಅವರ ಹೆಂಡತಿ ಹೇಳಿದರು. "ಊಟಕ್ಕ ಬರ್ರಿ ಅಂದಾಗ ಅಷ್ಟ ಕೇಳಸ್ತೈತಿ."

ಎಲ್ಲರೂ ನಕ್ಕರು. ನಾನು ಪೊಟ್ಟಣ ಬಿಚ್ಚಿದೆ. ಅವರು ಸ್ಪ್ರಿಂಗುಗಳನ್ನು ನೋಡಿ ಮಾತು ನಿಲ್ಲಿಸಿದರು.

ಗಿಟಾರನ್ನು ಕೆಳಗಿಳಿಸಿ, ಅವರ ಕಣ್ಣೆದುರೇ ರಬ್ಬರಿನ ಸ್ಪ್ರಿಂಗುಗಳನ್ನು ತೆಗೆದು ಹಳೆಯವನ್ನು ಹಾಕಿದೆ. ಸ್ಕ್ರೂಗಳನ್ನು ತಿರುಗಿಸಿ ಎಳೆತ ಸಮಮಾಡಿದೆ. ಈ ಸಲ ಅಂಚಿನ ಎರಡರ ಕೊಕ್ಕೆಗಳನ್ನು ತುಸು ಬಿಗಿ ಮಾಡಿದೆ, ಸೇತುವೆ ತಿರುಗುವ ಅಂಚಿಗೆ ಒಂದು ಹನಿ ಎಣ್ಣೆ ಹಾಕಿದೆ. ಶ್ರುತಿ ಮರಳಿ ಕೂರಲು ಅಷ್ಟೇ ಸಾಕಿತ್ತು. ಮೊದಲ ದಿನವೂ ಅಷ್ಟೇ ಸಾಕಿತ್ತು.

ಅವರು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನಾಲ್ಕು ಸ್ವರ ಮೀಟಿ ಅಂಗೈ ಇಟ್ಟರು. ಆಂಪ್ಲಿಫೈಯರ್ ಇಲ್ಲದೆಯೂ ಆ ಸಣ್ಣ ಕೋಣೆಯಲ್ಲಿ ಗುಂಗು ಎಲ್ಲರಿಗೂ ಕೇಳಿಸಿತು. ಅಪ್ಪ ಮಾತ್ರ ಮೆಲ್ಲಗೆ ಗಿಟಾರಿನ ಅಂಚಿಗೆ ಬೆರಳಿಟ್ಟರು. ಮಾಮಾ ಇನ್ನೊಮ್ಮೆ ನುಡಿಸಿದರು. ಮತ್ತೊಮ್ಮೆ.

"ಎಲ್ಲಿದ್ದುವವ್ವಾ?"

"ಅಂಗಡಿಯ ಡ್ರಾಯರಿನಲ್ಲಿ ಹುಡುಕಿದಾಗ ಸಿಕ್ಕವು," ಎಂದೆ.

ಅಪ್ಪ ಬೆರಳು ತೆಗೆದರು. ಮಾಮಾ ಹೆಂಡತಿಯ ಕಡೆ ತಿರುಗಿ, "ನೋಡಿದ್ಯಾ? ನನ್ನ ಸಲುವಾಗಿ ಹುಡುಕಿ ತಂದಾಳ, ಇಷ್ಟ ದೂರ. ಓದಿದ ಮಕ್ಕಳಂದ್ರ ಹಿಂಗಿರಬೇಕು," ಎಂದರು. ಆ ಹೆಂಗಸು ನನ್ನ ತಲೆಯ ಮೇಲೆ ಕೈಯಿಟ್ಟರು.

ಆ ಕೈಯ ಭಾರವನ್ನು ನನಗೆ ತಾಳಿಕೊಳ್ಳಲಾಗಲಿಲ್ಲ. ಸಿದ್ಧಪಡಿಸಿದ ವಾಕ್ಯಗಳೆಲ್ಲ ಮುಗಿದಿದ್ದವು. ಬಾಯಿಗೆ ಬಂದದ್ದು ಮನೆಯ ಮಾತು.

"ಇಲ್ರೀ ಮಾಮಾ. ನನ್ನ ಗಿಟಾರಿನ್ಯಾಗ ಇದ್ದುವು. ನಾನ ಹಾಕ್ಕೊಂಡಿದ್ದೆ. ದನಿ ಹೋಗೈತಿ ಅಂತ ನನಗ ಅವತ್ತ ಗೊತ್ತಿತ್ತು. ನಿಮ್ಮ ಕಿವಿ ಚಲೋ ಅದಾವ್ರಿ. ನಾ ಸುಳ್ಳ ಹೇಳಿದೆ."

ತಲೆಯ ಮೇಲಿನ ಕೈ ಸರಿಯಿತು. ಬಯಲಿನಲ್ಲಿ ಯಾರೋ ಟ್ಯಾಂಕರಿಗೆ ನೀರು ತುಂಬಿಸುವ ಸದ್ದು ಬರುತ್ತಿತ್ತು.

"ನಾಕ ತಿಂಗಳು," ಎಂದರು ಮಾಮಾ. ದನಿ ಏರಲಿಲ್ಲ. "ನಾಕ ತಿಂಗಳು ನಾ ಗಾಡಿ ಹೆಂಗ ಹೊಡದೇನಿ ಗೊತ್ತೇನು? ಹಿಂದಿನ ಹಾರ್ನ್ ಕೇಳಸ್ತೈತೋ ಇಲ್ಲೋ ಅಂತ ಕಿಡಕಿಯಿಂದ ತೆಲಿ ಹೊರಗ ಹಾಕಿ ಹಾಕಿ ಹೊಡದೇನಿ. ಮೊಮ್ಮಗಳು ಏನರ ಅಂದ್ರ ಎರಡ ಸಲ ಕೇಳೇನಿ. ಅದು ನನಗ ಅಜ್ಜಾ ಕಿವುಡ ಅಂತೈತಿ."

ತಪ್ಪಾಯಿತು ಎಂದೆ. ಅಷ್ಟು ದೊಡ್ಡದಕ್ಕೆ ಅಷ್ಟು ಸಣ್ಣ ಮಾತು.

"ನನ್ನ ಮುಂದ ಹೇಳಿದ್ರ ಏನ ಬಂತು?" ಎಂದರು. "ಹುಡುಗೂರು ಮುಂದ ಹೇಳ್ತೀಯೇನು? ಮುದುಕಂದು ಕಿವಿ ಹೋಗೈತಿ ಅಂತ ಅವ್ರು ಎಲ್ಲಾ ಕಡೆ ಹೇಳ್ಯಾರ."

ಮುಂದಿನ ಭಾನುವಾರ ಹೋದೆ. ಆರ್ಕೆಸ್ಟ್ರಾದ ಅಭ್ಯಾಸ ನಡೆಯುವುದು ಒಂದು ಸಿಮೆಂಟ್ ಗೋದಾಮಿನ ಶೆಡ್ಡಿನಲ್ಲಿ. ನಾಲ್ವರು ಯುವಕರಿದ್ದರು, ಕೀಬೋರ್ಡು ಆಗಲೇ ಬಂದಿತ್ತು. ಮಾಮಾ ಒಂದು ಮೂಟೆಯ ಮೇಲೆ ಗಿಟಾರು ಹಿಡಿದು ಕುಳಿತರು. ನಾನು ನಿಂತು, ಸ್ಪ್ರಿಂಗುಗಳನ್ನು ಬದಲಾಯಿಸಿದವಳು ನಾನು, ಅದರಿಂದ ದನಿ ಬದಲಾಯಿತು, ಬದಲಾಗಿಲ್ಲವೆಂದು ಸುಳ್ಳು ಹೇಳಿದವಳೂ ನಾನು ಎಂದೆ. ಅವರ ಕಿವಿಯಲ್ಲಿ ದೋಷವಿಲ್ಲ ಎಂದೆ.

ಡೋಲಕ್ಕಿನವನು, "ಹಂಗಾರ ಮಾಮಾನ ಕಿವಿ ಪಾಸು, ಅಕ್ಕಾನ ಡಿಗ್ರಿ ಫೇಲು," ಎಂದ. ಶೆಡ್ಡು ತುಂಬ ನಗು. ನಾನೂ ನಗಬೇಕೆಂದು ಪ್ರಯತ್ನಿಸಿದೆ, ಆಗಲಿಲ್ಲ. ಮಾಮಾ ನಗಲಿಲ್ಲ. ತಂತಿ ಮೀಟಿ, ಅಂಗೈಯಿಟ್ಟು, ಒಬ್ಬೊಬ್ಬರ ಮುಖವನ್ನೂ ನೋಡಿದರು. ಕೀಬೋರ್ಡಿನ ಯುವಕ ಬಾಗಿ ಕೇಳಿ, "ಇದು ನಮ್ಮದರಾಗ ಬರೂದಿಲ್ಲ ಬಿಡ್ರಿ," ಎಂದು ಒಪ್ಪಿಕೊಂಡ. ಹಾಡುಗಳು ಕೀಬೋರ್ಡಿನ ಪಾಲಿಗೇ ಉಳಿದವು; ಹೆಣ್ಣು ಒಪ್ಪಿಸುವ ಹೊತ್ತಿನ ನಾಲ್ಕು ಸ್ವರಗಳು ಅವರಿಗೆ ಮರಳಿದವು. ನಾಲ್ಕು ತಿಂಗಳಲ್ಲಿ ಅವರಿಲ್ಲದೆ ನಡೆದುಹೋದ ಮದುವೆಗಳನ್ನು ಯಾರೂ ಮರಳಿಸಲಾರರು.

ಅಂಗಡಿಯ ಮೇಡಂಗೆ ನಾನು ಅರ್ಧ ಮಾತ್ರ ಹೇಳಿದ್ದೇನೆ. ಸ್ಪ್ರಿಂಗಿನಿಂದ ದನಿ ಬದಲಾಗುತ್ತದೆ, ಅಂದು ನಾನು ಹೇಳಿದ್ದು ತಪ್ಪು ಎಂದು ಹೇಳಿದೆ. ಉಳಿದರ್ಧವನ್ನು ಹೇಳಲು ಇನ್ನೂ ಬಾಯಿ ಬಂದಿಲ್ಲ. ಅಪ್ಪನ ಕೆಲಸ ಏನೆಂದು ಮಾತ್ರ ತಿದ್ದಿ ಹೇಳಿದೆ. ಅವರಿಗೆ ಅದು ವಿಶೇಷವೆನಿಸಲಿಲ್ಲ. ಹಾಗಾದರೆ ನಮ್ಮ ಡ್ರಮ್ಮಿನ ಸ್ಟ್ಯಾಂಡು ವೆಲ್ಡ್ ಮಾಡುತ್ತಾರೆಯೇ ಎಂದು ಕೇಳಿದರು.

ಮಾಮಾ ಈಗಲೂ ತಮ್ಮ ಗಿಟಾರನ್ನು ನನ್ನ ಬಳಿಗೇ ತರುತ್ತಾರೆ. ಬೇರೆ ರಿಪೇರಿಯವರು ಸಿಗುವುದಿಲ್ಲವೆಂದೋ, ನಮ್ಮ ಮಂದಿ ಎಂದೋ, ನಾನು ಕೇಳಿಲ್ಲ. ತಂತಿ ಬದಲಾಯಿಸಿದರೆ ಹಳೆಯ ತಂತಿಗಳನ್ನು, ದನಿ ಏರಿಳಿಸುವ ಗುಬುಟು ಬದಲಾಯಿಸಿದರೆ ಹಳೆಯ ಗುಬುಟನ್ನು, ಸವೆದ ಒಂದು ಸ್ಕ್ರೂ ಆದರೂ ಸರಿ, ಪತ್ರಿಕೆಯ ಹಾಳೆಯಲ್ಲಿ ಸುತ್ತಿ, ಅವರು ಕೇಳುವ ಮೊದಲೇ ಕೈಗಿಡುತ್ತೇನೆ. ಊರಿನ ಸುದ್ದಿ ಹೇಳುತ್ತಾರೆ, ಅಪ್ಪನ ಆರೋಗ್ಯ ವಿಚಾರಿಸುತ್ತಾರೆ, ನಗುತ್ತಾರೆ. ಆಮೇಲೆ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಬಿಚ್ಚಿ, ಒಳಗಿರುವುದನ್ನು ಬೆರಳಿನಿಂದ ಒಂದೊಂದಾಗಿ ಸರಿಸಿ ನೋಡುತ್ತಾರೆ. ಅನಂತರ ಗಿಟಾರಿನ ನಾಲ್ಕು ಸ್ವರ ಮೀಟಿ ಅಂಗೈ ಇಡುತ್ತಾರೆ. ಗುಂಗು ಪೂರ್ತಿ ಇಳಿದು ಹೋಗುವವರೆಗೆ ನಾನು ಮೇಜಿನ ಈಚೆ, ತಲೆ ಎತ್ತದೆ, ಕಾಯುತ್ತೇನೆ.